ರುಮಟಾಯ್ಡ್ ವಾತ ಇದ್ದವರಿಗೆ ಪಾದದ ಆಪರೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಪ್ರೈಮರಿ ಶಾಲೆ ಟೀಚರ್. ಹದಿನಾಲ್ಕು ವರ್ಷದಿಂದ ರುಮಟಾಯ್ಡ್ ಆರ್ಥರೈಟಿಸ್, ಅಂದರೆ ಕೀಲುಗಳು ಊದಿ ಹಾಳಾಗುವ ವಾತ, ಇದೆ. ಎರಡೂ ಪಾದಕ್ಕೆ ಆಪರೇಷನ್ ಆಗಿದೆ. ಬಲಗಾಲಿಗೆ ಮೊದಲು, ವರ್ಷ ಬಿಟ್ಟು ಎಡಗಾಲಿಗೆ. ಆಸ್ಪತ್ರೆಯ ಸಾಲಿನಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಜನ ನನ್ನ ಕಾಲು ನೋಡಿ ಪ್ರಶ್ನೆ ಕೇಳುತ್ತಾರೆ. ಹೆಚ್ಚಿನವರು ಹೆಣ್ಣುಮಕ್ಕಳೇ, ಯಾಕಂದರೆ ಈ ರೋಗ ಹೆಂಗಸರಿಗೇ ಜಾಸ್ತಿ. ಆ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದು ನಿಮಗೆ ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಡಾಕ್ಟರು ಯಾವತ್ತೂ ಪಾದದ ಬಗ್ಗೆ ಕೇಳಿಲ್ಲ. ನಾನೇ ಹೇಳಬೇಕಾ?

ಹೇಳಬೇಕು. ಹೇಳಿದರೆ ಸಾಲದು, ತೋರಿಸಬೇಕು.

ರೋಗ ಎಷ್ಟು ಜೋರಾಗಿದೆ ಅಂತ ಅಳೆಯಲು ಡಾಕ್ಟರುಗಳು ಸಾಮಾನ್ಯವಾಗಿ 28 ಕೀಲು ಒತ್ತಿ ನೋಡುತ್ತಾರೆ. ಭುಜ, ಮೊಣಕೈ, ಮಣಿಕಟ್ಟು, ಕೈಬೆರಳು, ಮೊಣಕಾಲು. ಆ 28ರಲ್ಲಿ ಕಾಲಿನ ಹರಡೂ (ಕಾಲು ಮತ್ತು ಪಾದ ಸೇರುವ ಕೀಲು) ಇಲ್ಲ, ಪಾದವೂ ಇಲ್ಲ. ಲೆಕ್ಕ ಬೇಗ ಮುಗಿಯಲಿ ಅಂತ ಮಾಡಿಕೊಂಡ ಪದ್ಧತಿ ಅದು. ಆದರೆ ರೋಗ ಆ ಲೆಕ್ಕ ನೋಡಿಕೊಂಡು ಬರುವುದಿಲ್ಲ. ಎಷ್ಟೋ ಜನರಿಗೆ ಮೊದಲ ನೋವು ಶುರುವಾಗುವುದೇ ಕಾಲ್ಬೆರಳಿನ ಬುಡದಲ್ಲಿ.

ನಾವೂ ಏನು ಮಾಡುತ್ತೇವೆ? ಚಪ್ಪಲಿ ಬಾಗಿಲ ಹೊರಗೆ ಬಿಡುತ್ತೇವೆ, ಸೀರೆ ಕೆಳಗೆ ಪಾದ ಮುಚ್ಚಿಕೊಂಡು ಕೂಡುತ್ತೇವೆ, ಕೈ ಮಾತ್ರ ಮುಂದೆ ಚಾಚುತ್ತೇವೆ. ನಾನು ಆರು ವರ್ಷ ಹೀಗೇ ಮಾಡಿದೆ. ಒರಟು ಪಾದ, ಒಡೆದ ಹಿಮ್ಮಡಿ ತೋರಿಸೋಕೆ ನಾಚಿಕೆ. ಕೊನೆಗೆ ಒಬ್ಬ ಡಾಕ್ಟರು ತಾವಾಗಿಯೇ ಬಗ್ಗಿ ನೋಡಿದಾಗ ನನ್ನ ಹೆಬ್ಬೆರಳು ಪಕ್ಕದ ಬೆರಳಿನ ಕೆಳಗೆ ಹೋಗಿತ್ತು. ಆರು ವರ್ಷ ಮುಂಚೆ ತೋರಿಸಿದ್ದರೆ ಮಾತ್ರೆಯಲ್ಲೇ ಮುಗಿಯುತ್ತಿತ್ತೋ ಏನೋ.

ನನಗೆ ಚಿಕೂನ್‌ಗುನ್ಯಾ ಆಗಿತ್ತು. ಅದರದ್ದೇ ನೋವು ಇರಬಹುದಲ್ವಾ?

2006ರಲ್ಲಿ ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ನಮ್ಮ ಕಡೆ ಎಲ್ಲ ಕೀಲುನೋವಿಗೂ ಅದೇ ಹೆಸರು ಆಗಿಬಿಟ್ಟಿದೆ. ಆ ಜ್ವರದ ನಂತರ ಕೆಲವರಿಗೆ ತಿಂಗಳುಗಟ್ಟಲೆ ನೋವು ಉಳಿಯುವುದು ನಿಜ. ಆದರೆ ಬೆಳಿಗ್ಗೆ ಎದ್ದಾಗ ಕೀಲುಗಳು ಒಂದು ಗಂಟೆಯಾದರೂ ಬಿಗಿದುಕೊಂಡಿರುತ್ತವಾ, ಎರಡೂ ಕಡೆ ಒಂದೇ ಥರ ಊದುತ್ತವಾ, ಆರು ವಾರ ಆದರೂ ಇಳಿಯುತ್ತಿಲ್ಲವಾ, ಹಾಗಿದ್ದರೆ ಪರೀಕ್ಷೆ ಮಾಡಿಸಿ. ರಕ್ತದಲ್ಲಿ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಅನ್ನುವ, ಈ ರೋಗದ ಸುಳಿವು ಕೊಡುವ ಎರಡು ಅಂಶ ನೋಡುತ್ತಾರೆ. ಇವು ಎರಡೂ ನೆಗೆಟಿವ್ ಬಂದರೂ ರೋಗ ಇರಬಹುದು, ರಿಪೋರ್ಟ್ ಹಿಡಿದು ನೀವೇ ತೀರ್ಮಾನ ಮಾಡಬೇಡಿ.

ವಯಸ್ಸಾದವರ ಮೊಣಕಾಲು ಸವೆಯುವುದು ಬೇರೆ. ಹೆಬ್ಬೆರಳು ಒಂದೇ ರಾತ್ರಿಯಲ್ಲಿ ಕೆಂಪಾಗಿ ಊದುವ ಗೌಟ್ ಬೇರೆ. ಊರಲ್ಲಿ ಎಲ್ಲವನ್ನೂ ವಾಯು ಅನ್ನುತ್ತಾರೆ, ಕೆಲವರು ಗಠಿಯಾ ಅನ್ನುತ್ತಾರೆ. ಹೆಸರು ಒಂದೇ ಆದರೂ ಔಷಧಿ ಒಂದೇ ಅಲ್ಲ.

ಪಾದದ ಒಳಗೆ ನಿಜವಾಗಿ ಏನಾಗುತ್ತದೆ?

ಯಾದಗಿರಿ ಕಡೆಯ ಒಬ್ಬ ಅಜ್ಜಿ ನನಗೆ ಹೇಳಿದ್ದು: "ಚಪ್ಲಿಯಾಗ ಹರಳು ಹೊಕ್ಕಂಗ ಆಗ್ತದ್ರಿ ಮೇಡಂ. ಝಾಡಿಸಿ ನೋಡಿದ್ರ ಏನೂ ಇರಂಗಿಲ್ಲ." ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಹರಳು ಚಪ್ಪಲಿಯಲ್ಲಿ ಇರುವುದಿಲ್ಲ, ಪಾದದಲ್ಲೇ ಇರುತ್ತದೆ.

ಪ್ರತಿ ಕೀಲಿಗೂ ಒಳಗೆ ತೆಳ್ಳನೆಯ ಪೊರೆ ಇರುತ್ತದೆ. ರುಮಟಾಯ್ಡ್‌ನಲ್ಲಿ ನಮ್ಮ ಮೈಯ ರಕ್ಷಣಾ ಶಕ್ತಿಯೇ ತಪ್ಪು ತಿಳಿದು ಆ ಪೊರೆಯ ಮೇಲೆ ಬೀಳುತ್ತದೆ. ಪೊರೆ ಊದುತ್ತದೆ, ಕೀಲು ಹಿಗ್ಗುತ್ತದೆ, ಎಲುಬುಗಳನ್ನು ಹಿಡಿದಿಟ್ಟ ಪಟ್ಟಿಗಳು ಸಡಿಲ ಆಗುತ್ತವೆ. ಕಾಲ್ಬೆರಳುಗಳು ಮೇಲಕ್ಕೆ ಏಳುತ್ತವೆ, ಉಗುರಿನ ತುದಿ ಕೆಳಗೆ ಬಾಗುತ್ತದೆ. ಬೆರಳು ಮೇಲೆ ಎದ್ದಷ್ಟೂ ಅದರ ಬುಡದ ಎಲುಬಿನ ಗುಂಡು ಅಂಗಾಲಿನ ಕಡೆ ಇಳಿಯುತ್ತದೆ. ಅಂಗಾಲಿನಲ್ಲಿ ಮೆತ್ತೆಯ ಹಾಗೆ ಕೊಬ್ಬಿನ ಪದರ ಇರುತ್ತದಲ್ಲ, ಅದು ಬೆರಳಿನ ಜೊತೆ ಮುಂದಕ್ಕೆ ಜಾರಿ ಹೋಗುತ್ತದೆ. ಆಗ ಎಲುಬು ಮತ್ತು ನೆಲದ ನಡುವೆ ಬರೀ ಚರ್ಮ ಉಳಿಯುತ್ತದೆ. ಆ ಚರ್ಮ ದಪ್ಪಗಾಗಿ ಆಣಿ ಕಟ್ಟುತ್ತದೆ. ಆಣಿ ಒತ್ತಿ ಒತ್ತಿ ಹುಣ್ಣಾಗುತ್ತದೆ.

ಇನ್ನು ಹೆಬ್ಬೆರಳು ಪಕ್ಕಕ್ಕೆ ವಾಲಿ, ಬುಡದಲ್ಲಿ ಗಂಟು ಬರುತ್ತದೆ. ಕೆಲವರಿಗೆ ಪಾದದ ಹಿಂಭಾಗ ಕುಸಿಯುತ್ತದೆ. ಅಂಗಾಲಿನ ಕಮಾನು ಚಪ್ಪಟೆ ಆಗಿ, ಹಿಮ್ಮಡಿ ಹೊರಗೆ ತಿರುಗುತ್ತದೆ. ಹಿಂದಿನಿಂದ ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಮನೆಯವರಿಗೆ ಒಂದು ಫೋಟೋ ತೆಗೆಯೋಕೆ ಹೇಳಿ.

ಚಪ್ಪಲಿ ಬದಲಿಸಿದರೆ ಆಪರೇಷನ್ ತಪ್ಪುತ್ತದಾ?

ಎಷ್ಟೋ ಜನರಿಗೆ ತಪ್ಪುತ್ತದೆ, ಅಥವಾ ವರ್ಷಗಳ ಕಾಲ ಮುಂದೆ ಹೋಗುತ್ತದೆ. ಮೊದಲು ಇದನ್ನು ಸರಿಯಾಗಿ ಮಾಡಿ ನೋಡದೆ ಆಪರೇಷನ್‌ಗೆ ಹೋಗಬೇಡಿ.

ಮುಂಭಾಗ ಅಗಲ ಮತ್ತು ಎತ್ತರ ಇರುವ ಪಾದರಕ್ಷೆ ಬೇಕು. ಬೆರಳಿಗೆ ಎಲ್ಲೂ ತಾಗಬಾರದು. ತಳ ದಪ್ಪ ಇರಬೇಕು, ಒಳಗೆ ಮೆತ್ತಗಿರಬೇಕು. ಸಕ್ಕರೆ ಕಾಯಿಲೆಯವರಿಗೆ ಕೊಡುವ ಎಂಸಿಆರ್ (ಮೆತ್ತನೆಯ ರಬ್ಬರಿನ) ಚಪ್ಪಲಿ ನಮಗೂ ಆಗುತ್ತದೆ. ಹಿಂದೆ ಪಟ್ಟಿ ಇರುವುದನ್ನೇ ಕೇಳಿ. ಪಟ್ಟಿ ಇಲ್ಲದಿದ್ದರೆ ಚಪ್ಪಲಿ ಜಾರದಂತೆ ಬೆರಳಿನಿಂದ ಹಿಡಿದುಕೊಂಡು ನಡೆಯುತ್ತೇವೆ, ಬೆರಳು ಇನ್ನಷ್ಟು ಬಾಗುತ್ತದೆ. ಅಂಗಾಲಿನ ಅಳತೆ ತೆಗೆದು ಮಾಡಿದ ಇನ್‌ಸೋಲ್ ಇದ್ದರೆ ಭಾರ ಇಡೀ ಪಾದಕ್ಕೆ ಹಂಚಿಕೆ ಆಗುತ್ತದೆ.

ಮನೆಯ ನೆಲದ ಮಾತು ಯಾರೂ ಆಡುವುದಿಲ್ಲ. ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ. ಬೇಸಿಗೆಯಲ್ಲಿ ತಂಪು, ನಿಜ. ಆದರೆ ಎಲುಬಿನ ಕೆಳಗೆ ಮೆತ್ತೆ ಇಲ್ಲದವರಿಗೆ ಅದರ ಮೇಲೆ ಬರಿಗಾಲಲ್ಲಿ ನಿಂತು ಇಪ್ಪತ್ತು ರೊಟ್ಟಿ ಬಡಿಯುವುದು ಎಂದರೆ ಸಾಮಾನ್ಯ ಕಷ್ಟವಲ್ಲ. ಮನೆಯೊಳಗೆ ಬೇರೆ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ, ಅಡುಗೆಮನೆಯಲ್ಲೂ ಹಾಕಿ. ಅತ್ತೆ ಏನೆನ್ನುತ್ತಾರೋ ಅಂತ ಒಬ್ಬಾಕೆ ಕೇಳಿದಳು. ಅತ್ತೆಗೆ ಅಂಗಾಲು ತೋರಿಸು ಅಂದೆ. ತೋರಿಸಿದ ಮೇಲೆ ಚಪ್ಪಲಿ ತಂದುಕೊಟ್ಟಿದ್ದು ಆ ಅತ್ತೆಯೇ.

ಹಾಗಾದರೆ ಆಪರೇಷನ್ ಯಾವಾಗ?

ಮಾತ್ರೆ ಸರಿಯಾಗಿ ನಡೆದಿದೆ, ಚಪ್ಪಲಿ ಬದಲಿಸಿ ಆಗಿದೆ, ಆದರೂ ನೋವು ಕಡಿಮೆ ಇಲ್ಲ. ಅಥವಾ ಹುಣ್ಣು ಮತ್ತೆ ಮತ್ತೆ ಆಗುತ್ತಿದೆ. ಅಥವಾ ಪಾದ ತಿಂಗಳು ತಿಂಗಳಿಗೂ ಹೆಚ್ಚು ತಿರುಗುತ್ತಿದೆ, ಯಾವ ಪಾದರಕ್ಷೆಯೂ ಹಿಡಿಸುತ್ತಿಲ್ಲ. ಆಗ ಆಪರೇಷನ್ ಮಾತು ಬರುತ್ತದೆ.

ಬರೀ ಚಂದ ಕಾಣಲಿ ಅಂತ ಮಾಡಿಸಬೇಡಿ. ಸೊಟ್ಟಗಿದ್ದರೂ ನೋವಿಲ್ಲದ ಪಾದಕ್ಕೆ ಸಾಮಾನ್ಯವಾಗಿ ಕತ್ತಿ ಹಾಕುವುದಿಲ್ಲ. ಹಾಗೆಯೇ ತೀರಾ ತಡವೂ ಮಾಡಬೇಡಿ. ಎಲುಬು ತೆಳ್ಳಗಾಗಿ, ಚರ್ಮ ಕಾಗದದಂತಾಗಿ, ಹುಣ್ಣಿನಲ್ಲಿ ಕೀವು ಇರುವಾಗ ಹೋದರೆ ಡಾಕ್ಟರಿಗೂ ಮಾಡೋಕೆ ಉಳಿಯುವುದು ಕಡಿಮೆ.

ಯಾವ ಯಾವ ಆಪರೇಷನ್ ಇವೆ?

ಪಾದದ ಯಾವ ಭಾಗ ಹಾಳಾಗಿದೆ ಅನ್ನುವುದರ ಮೇಲೆ ಹೋಗುತ್ತದೆ.

ಎಲ್ಲಕ್ಕಿಂತ ಸಾಮಾನ್ಯ ಪಾದದ ಮುಂಭಾಗದ ಆಪರೇಷನ್. ನನಗೆ ಆಗಿದ್ದೂ ಅದೇ. ಹೆಬ್ಬೆರಳಿನ ಬುಡದ ಕೀಲನ್ನು ನೇರ ಮಾಡಿ, ಸ್ಕ್ರೂ ಅಥವಾ ಪ್ಲೇಟ್ ಹಾಕಿ, ಎರಡೂ ಎಲುಬು ಒಂದಾಗುವಂತೆ ಜೋಡಿಸುತ್ತಾರೆ. ಇದಕ್ಕೆ ಫ್ಯೂಷನ್ ಅನ್ನುತ್ತಾರೆ. ಉಳಿದ ನಾಲ್ಕು ಬೆರಳಿನ ಬುಡದಲ್ಲಿ ಅಂಗಾಲಿಗೆ ಒತ್ತುವ ಎಲುಬಿನ ಗುಂಡುಗಳನ್ನು ತೆಗೆಯುತ್ತಾರೆ. ಬೆರಳು ನೇರ ನಿಲ್ಲಲಿ ಅಂತ ಒಂದೊಂದಕ್ಕೂ ತಂತಿ ಹಾಕುತ್ತಾರೆ. ಗುಂಡು ತೆಗೆಯುವ ವಿಧಾನ ನೂರು ವರ್ಷಕ್ಕೂ ಹಳೆಯದು. ಈಗ ಒಳ್ಳೆಯ ಔಷಧಿಗಳಿಂದ ರೋಗ ಹಿಡಿತದಲ್ಲಿ ಇರುವವರಿಗೆ ಗುಂಡು ತೆಗೆಯದೆ, ಎಲುಬನ್ನು ಸ್ವಲ್ಪ ಕತ್ತರಿಸಿ ಹಿಂದೆ ಸರಿಸಿ, ಕೀಲು ಉಳಿಸುವುದೂ ಇದೆ. ನಿಮ್ಮ ಕೀಲು ಉಳಿಸುವಂತಿದೆಯಾ ಅಂತ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಪಾದದ ಹಿಂಭಾಗ ಕುಸಿದಿದ್ದರೆ ಅಲ್ಲಿನ ಒಂದು, ಎರಡು ಅಥವಾ ಮೂರು ಕೀಲುಗಳನ್ನು ಜೋಡಿಸುತ್ತಾರೆ. ಹರಡಿನ ಕೀಲು ಹಾಳಾಗಿದ್ದರೆ ಅದನ್ನು ಜೋಡಿಸಬಹುದು, ಇಲ್ಲವೇ ಮೊಣಕಾಲಿಗೆ ಮಾಡುವ ಹಾಗೆ ಕೃತಕ ಕೀಲು ಹಾಕಬಹುದು. ಕೃತಕ ಕೀಲು ಹಾಕಿದರೆ ಅಲುಗಾಟ ಉಳಿಯುತ್ತದೆ, ಅಕ್ಕಪಕ್ಕದ ಕೀಲುಗಳಿಗೆ ಹೊರೆ ಕಡಿಮೆ. ಆದರೆ ಅದು ಸವೆಯಬಹುದು, ಸಡಿಲ ಆಗಬಹುದು. ಅದನ್ನು ಮಾಡುವವರೂ ಕಡಿಮೆ.

ರೋಗ ಶುರುವಿನಲ್ಲೇ ಇದ್ದು ಎಲುಬು ಚೆನ್ನಾಗಿದ್ದರೆ ಊದಿದ ಪೊರೆ ಮಾತ್ರ ತೆಗೆಯುವ ಸಣ್ಣ ಆಪರೇಷನ್ ಕೂಡ ಇದೆ. ಚಪ್ಪಲಿಗೆ ತಾಗುವ ಗಂಟುಗಳನ್ನೂ ತೆಗೆಯುತ್ತಾರೆ, ಆದರೆ ಅವು ಮತ್ತೆ ಬರುವುದುಂಟು.

ಕೀಲು ಜೋಡಿಸಿದರೆ ಕಾಲು ಕಟ್ಟಿಗೆ ಆಗುವುದಿಲ್ಲವಾ?

ನನಗೂ ಇದೇ ಭಯ ಇತ್ತು. ಹೆಬ್ಬೆರಳಿನ ಬುಡ ಜೋಡಿಸಿದ ಮೇಲೆ ನಡಿಗೆಯಲ್ಲಿ ಬೇರೆಯವರಿಗೆ ಏನೂ ಗೊತ್ತಾಗುವುದಿಲ್ಲ. ಜೋಡಿಸುವಾಗಲೇ ಬೆರಳನ್ನು ಸ್ವಲ್ಪ ಮೇಲೆ ಎತ್ತಿದ ಹಾಗೆ ಕೂರಿಸುತ್ತಾರೆ. ಇಷ್ಟು ವರ್ಷ ನೋಯುತ್ತಿದ್ದ ಕೀಲು ಅಲುಗಾಡುವುದು ನಿಂತರೆ ನೋವೂ ನಿಲ್ಲುತ್ತದೆ.

ಆದರೆ ಕೆಲವು ಬಿಡಬೇಕಾಗುತ್ತದೆ. ತುದಿಗಾಲಲ್ಲಿ ಕೂತು ಮೊರ ಹಿಡಿಯುವುದು ಆಗದು. ಹೈ ಹೀಲ್ಸ್ ಆಗದು. ನಮ್ಮ ಶಾಲೆಯಲ್ಲಿ ಜೊತೆಗಿರುವ ಟೀಚರ್ ಒಬ್ಬರು ನಮಾಜ್ ಬಗ್ಗೆ ಕೇಳಿದರು. ಬೆರಳು ಮಡಚಿ ಪಾದದ ಮೇಲೆ ಕೂರುವ ಭಂಗಿ ಫ್ಯೂಷನ್ ನಂತರ ಬರುವುದಿಲ್ಲ. ಅವರು ಈಗ ಕುರ್ಚಿಯ ಮೇಲೆ ಕೂತು ಓದುತ್ತಾರೆ. ಇಂಥದ್ದನ್ನೆಲ್ಲ ಆಪರೇಷನ್‌ಗೆ ಮುಂಚೆಯೇ ಡಾಕ್ಟರಿಗೆ ಹೇಳಿ. ನೆಲದ ಮೇಲೆ ಕೂಡುತ್ತೀರಾ, ಯಾವ ಥರದ ಪಾಯಖಾನೆ, ಹೊಲಕ್ಕೆ ಹೋಗುತ್ತೀರಾ, ಮಳೆಗಾಲದಲ್ಲಿ ಎರೆ ಮಣ್ಣಿನಲ್ಲಿ ನಡೆಯಬೇಕಾ. ಹರಡು ಅಥವಾ ಹಿಂಭಾಗ ಜೋಡಿಸಿದವರಿಗೆ ಉಬ್ಬುತಗ್ಗಿನ ನೆಲ ಮತ್ತು ಕುಕ್ಕುರುಗಾಲು ಕಷ್ಟ.

ಮೊಣಕಾಲೂ ಹಾಳಾಗಿದೆ. ಯಾವುದು ಮೊದಲು?

ಪಾದದಲ್ಲಿ ಹುಣ್ಣು ಅಥವಾ ಕೀವು ಇದ್ದರೆ ಪಾದವೇ ಮೊದಲು. ಆ ಸೋಂಕು ರಕ್ತದಲ್ಲಿ ಸೇರಿ ಹೊಸ ಮೊಣಕಾಲಿಗೆ ಹೋದರೆ ಅದನ್ನೇ ತೆಗೆಯಬೇಕಾಗಬಹುದು. ಹುಣ್ಣಿಲ್ಲದಿದ್ದರೆ ಯಾವುದು ಜಾಸ್ತಿ ತೊಂದರೆ ಕೊಡುತ್ತಿದೆ, ಕಾಲು ಯಾವ ಕಡೆ ಬಾಗಿದೆ ಅಂತ ನೋಡಿ ತೀರ್ಮಾನ ಮಾಡುತ್ತಾರೆ.

ಆಪರೇಷನ್‌ಗೆ ಮುಂಚೆ ಎಲ್ಲ ಮಾತ್ರೆ ನಿಲ್ಲಿಸಬೇಕಂತೆ, ನಿಜಾನಾ?

ಇದನ್ನು ನಿಧಾನವಾಗಿ ಓದಿ. ಹೆಚ್ಚು ತಪ್ಪು ನಡೆಯುವುದು ಇಲ್ಲೇ.

ಈ ರೋಗಕ್ಕೆ ಕೊಡುವ ಮುಖ್ಯ ಔಷಧಿ ಮೆಥೊಟ್ರೆಕ್ಸೇಟ್ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ರೋಗ ಕೆರಳಿ, ಆಪರೇಷನ್ ಆದ ಕಾಲಿನ ಜೊತೆ ಕೈ, ಭುಜ ಎಲ್ಲ ಊದುತ್ತವೆ. ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜೀನ್, ಲೆಫ್ಲುನೊಮೈಡ್ ಕೂಡ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಅಮೆರಿಕದ ರುಮಟಾಲಜಿ ತಜ್ಞರು ಮತ್ತು ಕೀಲು ಬದಲಿ ಆಪರೇಷನ್ ಮಾಡುವವರು ಸೇರಿ 2017ರಲ್ಲಿ ಸೊಂಟ, ಮೊಣಕಾಲಿನ ಆಪರೇಷನ್‌ಗೆ ಅಂತ ಮಾರ್ಗಸೂಚಿ ತಂದರು, 2022ರಲ್ಲಿ ಅದನ್ನು ತಿದ್ದಿದರು. ಪಾದದ ವಿಷಯದಲ್ಲೂ ಬಹಳ ಡಾಕ್ಟರುಗಳು ಅದನ್ನೇ ನೋಡುತ್ತಾರೆ. ಕಿಡ್ನಿ ತೊಂದರೆ ಅಥವಾ ಸೋಂಕು ಇದ್ದರೆ ಮಾತ್ರ ಲೆಕ್ಕ ಬೇರೆ.

ಬಯಾಲಜಿಕ್ ಇಂಜೆಕ್ಷನ್ (ಕೆರಳಿದ ರಕ್ಷಣಾ ಶಕ್ತಿಯನ್ನು ತಗ್ಗಿಸುವ ಔಷಧಿ) ತಗೊಳ್ಳುವವರು ಒಂದು ಡೋಸ್ ಬಿಡಬೇಕಾಗುತ್ತದೆ. ಹಿಂದಿನ ಡೋಸಿನ ಅವಧಿ ಮುಗಿದ ಮೇಲೆ ಆಪರೇಷನ್ ದಿನ ಇಡುತ್ತಾರೆ. ಅಡಾಲಿಮುಮಾಬ್ ಎರಡು ವಾರಕ್ಕೊಮ್ಮೆ ತಗೊಳ್ಳುತ್ತಿದ್ದರೆ ಮೂರನೇ ವಾರದಲ್ಲಿ ಆಪರೇಷನ್. ಗಾಯ ಒಣಗಿ, ಹೊಲಿಗೆ ಬಿಚ್ಚಿ, ಸುಮಾರು 14 ದಿನ ಆದ ಮೇಲೆ ಮತ್ತೆ ಶುರು. ಟೊಫಾಸಿಟಿನಿಬ್ ಮಾತ್ರೆಯನ್ನು 3 ದಿನ ಮುಂಚೆ ನಿಲ್ಲಿಸುತ್ತಾರೆ. ಈ ದಿನಗಳನ್ನು ನೀವೇ ಕ್ಯಾಲೆಂಡರ್ ನೋಡಿ ಹಾಕಬೇಡಿ. ವಾತದ ಡಾಕ್ಟರು ಮತ್ತು ಎಲುಬಿನ ಡಾಕ್ಟರು ಒಬ್ಬರಿಗೊಬ್ಬರು ಫೋನ್ ಮಾಡಿ ಮಾತಾಡಲಿ. ಮಾಡಿಸಿ ಅಂತ ನೀವೇ ಕೇಳಬೇಕು.

ಸ್ಟಿರಾಯ್ಡ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಲೇಬೇಡಿ. ಬಹಳ ದಿನ ತಿಂದವರ ಮೈ ತಾನಾಗಿ ಅದನ್ನು ತಯಾರಿಸುವುದನ್ನು ಮರೆತಿರುತ್ತದೆ. ಒಮ್ಮೆಗೇ ನಿಲ್ಲಿಸಿದರೆ ಬಿಪಿ ಬಿದ್ದು ಜೀವಕ್ಕೇ ಬರಬಹುದು. ಹಾಗಂತ ಜಾಸ್ತಿ ಡೋಸ್ ಇದ್ದರೆ ಗಾಯ ಮಾಯುವುದಿಲ್ಲ. ಅದಕ್ಕೇ ತಿಂಗಳು ಎರಡು ತಿಂಗಳು ಮುಂಚೆಯೇ ಮೆಲ್ಲಗೆ ಇಳಿಸುತ್ತಾರೆ.

ಇನ್ನೊಂದು ಮಾತು, ಆಪರೇಷನ್ ಇರಲಿ ಬಿಡಲಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ತಿಂದು ಪ್ರಾಣಕ್ಕೆ ತಂದುಕೊಂಡವರು ಇದ್ದಾರೆ. ಓದು ಬಾರದ ಅಮ್ಮಂದಿರು ಮನೆಯಲ್ಲಿದ್ದರೆ ಆ ಡಬ್ಬಿ ನಿಮ್ಮ ಹತ್ತಿರ ಇಟ್ಟುಕೊಂಡು, ಆ ವಾರದ ದಿನ ನೀವೇ ಕೊಡಿ.

ಊರಲ್ಲಿ ಒಬ್ಬರು ಪುಡಿ ಕೊಡುತ್ತಾರೆ. ಎರಡೇ ದಿನಕ್ಕೆ ಆರಾಮ. ಅದನ್ನೂ ಹೇಳಬೇಕಾ?

ಅದನ್ನೇ ಮೊದಲು ಹೇಳಬೇಕು. ಎರಡು ದಿನಕ್ಕೆ ನೋವು ಪೂರ್ತಿ ಹೋಯಿತು, ಹಸಿವು ಹೆಚ್ಚಾಯಿತು, ಮುಖ ಗುಂಡಗಾಯಿತು ಅಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಾಧ್ಯತೆ ಬಹಳ. ಹೇಳದೆ ಮುಚ್ಚಿಟ್ಟರೆ ಟೇಬಲ್ ಮೇಲೆ ತೊಂದರೆ ಆಗುವುದು ನಿಮಗೇ. ಪುಡಿಯ ಪೊಟ್ಟಣವನ್ನೂ ತಗೊಂಡು ಹೋಗಿ. ಕೀಲಿನ ಮೇಲೆ ಬರೆ ಹಾಕಿಸಿದ್ದರೆ ಅದನ್ನೂ ತೋರಿಸಿ. ಸುಟ್ಟ ಚರ್ಮದ ಮೇಲೆ ಕೊಯ್ದರೆ ಗಾಯ ಕೂಡುವುದು ಕಷ್ಟ. ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಕಾಲಿನ ಆಪರೇಷನ್‌ಗೆ ಕುತ್ತಿಗೆಯ ಎಕ್ಸ್‌ರೇ ಯಾಕೆ?

ದುಡ್ಡು ಮಾಡೋಕೆ ಅಂತ ನನ್ನ ಅಣ್ಣ ಜಗಳಕ್ಕೇ ನಿಂತಿದ್ದ. ಕಾರಣ ಇದೆ. ರುಮಟಾಯ್ಡ್‌ನಲ್ಲಿ ಕುತ್ತಿಗೆಯ ಮೇಲಿನ ಎರಡು ಎಲುಬುಗಳ ನಡುವಿನ ಹಿಡಿತವೂ ಸಡಿಲ ಆಗಿರಬಹುದು. ಪೂರ್ತಿ ಮಂಪರು ಕೊಟ್ಟು ಗಂಟಲಿಗೆ ಕೊಳವೆ ಹಾಕುವಾಗ ಕುತ್ತಿಗೆ ಹಿಂದೆ ಬಾಗಿಸುತ್ತಾರೆ. ಆಗ ಬೆನ್ನುಹುರಿಗೆ ಪೆಟ್ಟಾಗಬಾರದು. ಅದಕ್ಕೇ ಕುತ್ತಿಗೆ ಮುಂದೆ ಬಗ್ಗಿಸಿ, ಹಿಂದೆ ಬಗ್ಗಿಸಿ ಎಕ್ಸ್‌ರೇ ತೆಗೆಯುತ್ತಾರೆ. ನಿಮಗೆ ಹೇಳದಿದ್ದರೆ ನೀವೇ ಕೇಳಿ. ಪಾದದ ಆಪರೇಷನ್‌ಗೆ ಬಹಳ ಸಲ ಬೆನ್ನಿಗೆ ಅಥವಾ ಕಾಲಿನ ನರಕ್ಕೆ ಇಂಜೆಕ್ಷನ್ ಕೊಟ್ಟೇ ಕೆಲಸ ಮುಗಿಸುತ್ತಾರೆ. ಆದರೂ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಕಾಲುಂಗುರ ತೆಗೆಯಲೇಬೇಕಾ?

ತೆಗೆಯಲೇಬೇಕು. ಈ ಪ್ರಶ್ನೆ ಕೇಳುವಾಗ ಎಷ್ಟೋ ಹೆಣ್ಣುಮಕ್ಕಳ ಕಣ್ಣು ತುಂಬುವುದನ್ನು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಉಂಗುರ ಇದ್ದರೆ ಬೆರಳನ್ನು ಪೂರ್ತಿ ಸ್ವಚ್ಛ ಮಾಡಲು ಆಗುವುದಿಲ್ಲ. ಊದಿಕೊಂಡಾಗ ಅದು ರಕ್ತ ಹರಿಯುವುದನ್ನೇ ನಿಲ್ಲಿಸಬಹುದು. ಆಪರೇಷನ್ ದಿನ ಕತ್ತರಿಯಿಂದ ಕತ್ತರಿಸುವುದಕ್ಕಿಂತ ಮನೆಯಲ್ಲೇ ಸೋಪು ಹಚ್ಚಿ ತೆಗೆದಿಡಿ. ಊತ ಪೂರ್ತಿ ಇಳಿಯುವವರೆಗೆ, ಅಂದರೆ ಆರು ತಿಂಗಳಾದರೂ, ಹಾಕಬೇಡಿ. ನನ್ನ ಅತ್ತೆ ನನ್ನ ಕಾಲುಂಗುರಗಳನ್ನು ದೇವರ ಜಗಲಿಯ ಮೇಲೆ ಇಟ್ಟರು. ಆಮೇಲೆ ಅಕ್ಕಸಾಲಿಗನ ಹತ್ತಿರ ಬಾಯಿ ಬಿಟ್ಟ, ಹಗುರವಾದ ಜೊತೆ ಮಾಡಿಸಿಕೊಂಡೆ.

ಬೀಡಿ, ಗುಟ್ಕಾ?

ಬಿಡಬೇಕು, ಕನಿಷ್ಠ ಆರು ವಾರ ಮುಂಚೆ. ಎಲುಬು ಕೂಡದೇ ಇರಲು ಇದು ದೊಡ್ಡ ಕಾರಣ. ಹಲ್ಲಿಗೆ ತಿಕ್ಕುವ ಮಿಶ್ರಿಯೂ ತಂಬಾಕೇ. ಹೆಂಗಸರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಡಾಕ್ಟರು ಕೇಳುವುದೂ ಇಲ್ಲ. ಸಕ್ಕರೆ ಕಾಯಿಲೆ ಇದ್ದರೆ ಅದೂ ಹಿಡಿತಕ್ಕೆ ಬರಬೇಕು.

ಎಷ್ಟು ದಿನ ಮಲಗಬೇಕು? ಯಾವ ತಿಂಗಳಲ್ಲಿ ಮಾಡಿಸಿದರೆ ಒಳ್ಳೆಯದು?

ಮೊದಲ ಎರಡು ವಾರ ಕಾಲು ಎದೆಗಿಂತ ಎತ್ತರ ಇರಬೇಕು. ಸ್ಟೂಲ್ ಮೇಲೆ ಇಟ್ಟರೆ ಸಾಲದು. ಮಲಗಿ, ಕಾಲ ಕೆಳಗೆ ಎರಡು ಮೂರು ದಿಂಬು. ನಮ್ಮ ಚರ್ಮ ನಿಧಾನ, ಹೊಲಿಗೆ ಬಿಚ್ಚಲು ಎರಡರಿಂದ ಮೂರು ವಾರ ಬೇಕು. ಬೆರಳಿನ ತಂತಿ ನಾಲ್ಕರಿಂದ ಆರು ವಾರ ಇರುತ್ತದೆ. ಅದನ್ನು ಒಪಿಡಿಯಲ್ಲೇ ಎಳೆದು ತೆಗೆಯುತ್ತಾರೆ, ಅಂದುಕೊಂಡಷ್ಟು ನೋವಿಲ್ಲ. ಮುಂಭಾಗದ ಆಪರೇಷನ್ ಆದವರು ಹಿಮ್ಮಡಿಯ ಮೇಲೆ ಭಾರ ಬೀಳುವ ವಿಶೇಷ ಚಪ್ಪಲಿ ಹಾಕಿ ಪಾಯಖಾನೆಗೆ ಹೋಗುವಷ್ಟು ನಡೆಯಬಹುದು. ಆರು ವಾರದ ನಂತರ ಅಗಲವಾದ ಪಾದರಕ್ಷೆ.

ಹಿಂಭಾಗದ ಫ್ಯೂಷನ್ ದೊಡ್ಡದು. ಸುಮಾರು ಆರು ವಾರ ಪ್ಲಾಸ್ಟರ್, ಕಾಲು ನೆಲಕ್ಕೆ ಊರುವಂತಿಲ್ಲ. ಆಮೇಲೆ ಮತ್ತೆ ಆರು ವಾರ ಪ್ಲಾಸ್ಟರ್ ಅಥವಾ ಬೂಟಿನಲ್ಲಿ ನಡಿಗೆ. ಎರಡರಲ್ಲೂ ಊತ ಪೂರ್ತಿ ಇಳಿಯಲು ಆರು ತಿಂಗಳಿಂದ ವರ್ಷ. ಸಂಜೆ ಊದಿದರೆ ಹೆದರಬೇಡಿ.

ತಿಂಗಳಿನ ಬಗ್ಗೆ ನನ್ನ ಅಭಿಪ್ರಾಯ ಇದು. ಏಪ್ರಿಲ್, ಮೇ ಬೇಡ. 40 ಡಿಗ್ರಿ ದಾಟಿದ ಬಿಸಿಲಲ್ಲಿ, ಕರೆಂಟ್ ಹೋದಾಗ, ಪ್ಲಾಸ್ಟರ್ ಒಳಗೆ ಬೆವರಿ ತುರಿಸುವುದನ್ನು ಅನುಭವಿಸಿದ್ದೇನೆ. ಜೂನ್, ಜುಲೈನಲ್ಲಿ ಬಿತ್ತನೆ, ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಒಕ್ಕಲುತನದ ಮನೆಯಲ್ಲಿ ಆಗ ನಿಮಗೆ ನೀರು ಕೊಡುವವರೂ ಇರುವುದಿಲ್ಲ. ದಸರಾ ಮುಂಚಿನ ವಾರಗಳು, ಇಲ್ಲ ರಾಶಿ ಮುಗಿದ ತಕ್ಷಣ, ನಮ್ಮ ಕಡೆಗೆ ಹೊಂದುತ್ತದೆ. ಆದರೆ ಹುಣ್ಣು, ಕೀವು ಇದ್ದರೆ ತಿಂಗಳು ನೋಡುತ್ತಾ ಕೂಡಬೇಡಿ.

ಎರಡೂ ಪಾದ ಒಟ್ಟಿಗೇ ಮಾಡಿಸಬಹುದಾ?

ಮುಂಭಾಗದ್ದನ್ನು ಕೆಲವರು ಒಟ್ಟಿಗೇ ಮಾಡುತ್ತಾರೆ. ಒಂದೇ ಸಲ ರಜೆ, ಒಂದೇ ಖರ್ಚು. ನನಗೆ ಮನೆಯಲ್ಲಿ ಹಗಲು ಯಾರೂ ಇರುತ್ತಿರಲಿಲ್ಲ, ಅದಕ್ಕೇ ಒಂದೊಂದಾಗಿ ಮಾಡಿಸಿದೆ.

ಊರುಗೋಲು ಹಿಡಿಯೋಕೆ ನನ್ನ ಕೈಯೇ ಆಗಲ್ಲ. ಹೇಗೆ ನಡೆಯಲಿ?

ಬಹಳ ಒಳ್ಳೆಯ ಪ್ರಶ್ನೆ, ಯಾಕಂದರೆ ಆಪರೇಷನ್ ಆದ ಮೇಲೆ ಎಲ್ಲರೂ ಇದನ್ನು ಕಂಡುಕೊಳ್ಳುತ್ತಾರೆ. ಮುಂಚೆಯೇ ಯೋಚಿಸಿ. ಬೆರಳಿನಿಂದ ಹಿಡಿಯುವ ಬದಲು ಮುಂಗೈ ಇಟ್ಟು ಭಾರ ಹಾಕುವ ವಾಕರ್ ಸಿಗುತ್ತದೆ. ಫಿಸಿಯೋಥೆರಪಿಯವರ ಹತ್ತಿರ ಆಪರೇಷನ್‌ಗೆ ವಾರ ಮುಂಚೆಯೇ ಹೋಗಿ, ಹಿಡಿದು ನಡೆದು ಅಭ್ಯಾಸ ಮಾಡಿ. ಗಾಲಿ ಕುರ್ಚಿ ಬಾಡಿಗೆಗೆ ತಗೊಂಡರೂ ಅವಮಾನ ಏನಿಲ್ಲ. ಆಸ್ಪತ್ರೆ ಎದುರಿನ ಸರ್ಜಿಕಲ್ ಅಂಗಡಿಯಲ್ಲಿ ಕಮೋಡ್ ಕುರ್ಚಿ ಸಿಗುತ್ತದೆ, ಬಚ್ಚಲಿಗೆ ಜಾರದ ರಬ್ಬರ್ ಚಾಪೆ ಹಾಕಿ. ಒದ್ದೆ ಶಹಾಬಾದ್ ಕಲ್ಲು ಹೇಗೆ ಜಾರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಯಾವ ಲಕ್ಷಣ ಕಂಡರೆ ಕೂಡಲೇ ಓಡಬೇಕು?

ಗಾಯ ಒದ್ದೆಯಾಗುವುದು, ವಾಸನೆ, ತಂತಿಯ ಬುಡದಲ್ಲಿ ಕೆಂಪು, ಬೆರಳು ನೀಲಿ ಅಥವಾ ಬಿಳಿ ಆಗುವುದು. ಪ್ಲಾಸ್ಟರ್ ಒಳಗೆ ತಡೆಯಲಾಗದ ನೋವು. ಮೀನಖಂಡ ಬಿಗಿದು ಊದುವುದು, ಉಸಿರು ಕಟ್ಟುವುದು. ಕೊನೆಯ ಎರಡು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು, ರಾತ್ರಿಯಾದರೂ ಹೊರಡಿ.

ಜ್ವರ ಇಲ್ಲ, ಹಾಗಾಗಿ ಸೋಂಕಿಲ್ಲ ಅಂದುಕೊಳ್ಳಬೇಡಿ. ನಮ್ಮ ಔಷಧಿಗಳು ಜ್ವರವನ್ನೇ ಅಡಗಿಸುತ್ತವೆ. ನನ್ನ ಬಲಗಾಲಿನ ಗಾಯ ಮೂರನೇ ವಾರ ಒದ್ದೆಯಾಯಿತು. ಡ್ರೆಸ್ಸಿಂಗ್ ಮಾಡುತ್ತಿದ್ದವರು "ಬೆವರು, ಏನಿಲ್ಲ" ಅಂದರು. ಜ್ವರ ಇರಲಿಲ್ಲ, ನಾನೂ ನಂಬಿದೆ. ನಾಲ್ಕು ದಿನ ಕಳೆದು ಆಪರೇಷನ್ ಮಾಡಿದ ಡಾಕ್ಟರಿಗೆ ಫೋಟೋ ಕಳಿಸಿದಾಗ ಅದೇ ದಿನ ಬರಲು ಹೇಳಿದರು. ಗಾಯ ಬಿಚ್ಚಿ ತೊಳೆದರು. ಒಂದು ತಿಂಗಳು ಹೆಚ್ಚಿಗೆ ಹೋಯಿತು. ಅದಕ್ಕೇ ಹೇಳುತ್ತೇನೆ, ಆಪರೇಷನ್ ಮಾಡಿದ ಡಾಕ್ಟರ ನಂಬರ್ ಡಿಸ್ಚಾರ್ಜ್ ದಿನವೇ ಇಸಕೊಳ್ಳಿ, ಅನುಮಾನ ಬಂದ ದಿನವೇ ಫೋಟೋ ಕಳಿಸಿ.

ಆಪರೇಷನ್ ಆದರೂ ಮತ್ತೆ ಬರುತ್ತದಾ?

ಬರಬಹುದು. ಆಪರೇಷನ್ ಪಾದವನ್ನು ಸರಿ ಮಾಡುತ್ತದೆ, ರೋಗವನ್ನಲ್ಲ. ಮಾತ್ರೆ ಬಿಟ್ಟರೆ ಉಳಿದ ಕೀಲುಗಳು ಹಾಳಾಗುತ್ತವೆ, ಬೆರಳುಗಳು ಮತ್ತೆ ವಾಲುತ್ತವೆ. ಕೆಲವರಿಗೆ ಎಲುಬು ಕೂಡದೆ ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಗುಂಡು ತೆಗೆದ ಬೆರಳುಗಳು ಸ್ವಲ್ಪ ಗಿಡ್ಡ, ಸ್ವಲ್ಪ ಜೋಲು. ಕೆಲವು ಕಡೆ ಚರ್ಮ ಮರಗಟ್ಟಿದ ಹಾಗೆ ಇರುತ್ತದೆ. ನನ್ನ ಎಡಗಾಲಿನ ಎರಡನೇ ಬೆರಳು ಈಗಲೂ ನೆಲಕ್ಕೆ ತಾಗುವುದಿಲ್ಲ. ಆದರೆ ಹರಳು ಹೋಯಿತು. ಐದು ಪೀರಿಯಡ್ ನಿಂತು ಪಾಠ ಮಾಡುತ್ತೇನೆ. ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆಗೆ ಎಂಟು ವರ್ಷ ಬಿಟ್ಟು ನಡೆದು ಹೋದೆ.

ಎಲ್ಲಿಗೆ ಹೋಗಬೇಕು? ಖರ್ಚು?

ಎಲುಬಿನ ವಿಭಾಗ ಕಲಬುರಗಿಯ ಜಿಮ್ಸ್, ಇಎಸ್‌ಐಸಿ, ಬಸವೇಶ್ವರ ಆಸ್ಪತ್ರೆಗಳಲ್ಲಿದೆ. ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಮೊದಲು ಅಲ್ಲೇ ತೋರಿಸಿ. ಹಿಂಭಾಗದ ಅಥವಾ ಹರಡಿನ ದೊಡ್ಡ ಆಪರೇಷನ್ ಆದರೆ "ರುಮಟಾಯ್ಡ್ ಇದ್ದವರಿಗೆ ಇದನ್ನು ನೀವು ಎಷ್ಟು ಸಲ ಮಾಡಿದ್ದೀರಿ?" ಅಂತ ಗೌರವದಿಂದ ಕೇಳಿ. ನಮ್ಮ ಜನ ಸೊಲ್ಲಾಪುರ, ಹೈದರಾಬಾದ್‌ಗೆ ಹೋಗುವುದು ಹೊಸದಲ್ಲ. ಆದರೆ ಡ್ರೆಸ್ಸಿಂಗ್‌ಗೆ, ತಂತಿ ತೆಗೆಯಲು, ಪ್ಲಾಸ್ಟರ್ ಬದಲಿಸಲು ಐದಾರು ಸಲ ಹೋಗಬೇಕು. ಆ ಪ್ರಯಾಣವನ್ನೂ ಲೆಕ್ಕ ಹಾಕಿ.

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಕೊಡುತ್ತಾರೆ. ಚೀಟಿ ಇಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಆಮೇಲೆ ಪೇಚಾಡಬೇಡಿ. ನಿಮ್ಮ ಆಪರೇಷನ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯಮಿತ್ರರನ್ನು ಕೇಳಿ. ಇನ್‌ಸೋಲ್, ವಿಶೇಷ ಚಪ್ಪಲಿ, ವಾಕರ್‌ಗೆ ಕೈಯಿಂದ ಹಣ ತೆಗೆದಿಡಿ.

ಮೊದಲ ಸಲ ಹೋಗುವಾಗ ಏನು ತಗೊಂಡು ಹೋಗಲಿ?

ಮಾತ್ರೆಯ ಚೀಟಿ ಅಲ್ಲ, ಮಾತ್ರೆಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹಳೆ ರಕ್ತ ಪರೀಕ್ಷೆ, ಹಳೆ ಎಕ್ಸ್‌ರೇ. ಪಾದದ ಹೊಸ ಎಕ್ಸ್‌ರೇ ತೆಗೆಸುವಾಗ ನಿಂತುಕೊಂಡು ತೆಗೆಯಿರಿ ಅಂತ ಹೇಳಿ. ಮಲಗಿ ತೆಗೆಸಿದರೆ ಭಾರ ಬಿದ್ದಾಗ ಎಲುಬು ಎಲ್ಲಿ ಇಳಿಯುತ್ತದೆ ಅನ್ನುವುದು ಕಾಣುವುದಿಲ್ಲ.

ದಿನಾ ಹಾಕುವ ಹಳೆಯ ಚಪ್ಪಲಿಯನ್ನೂ ಒಳಗೆ ತಗೊಂಡು ಹೋಗಿ. ಎಲ್ಲಿ ಸವೆದಿದೆ, ಎಲ್ಲಿ ಗುಳಿ ಬಿದ್ದಿದೆ ಅಂತ ನೋಡಿದರೆ ಭಾರ ಎಲ್ಲಿ ಬೀಳುತ್ತಿದೆ ಅಂತ ಡಾಕ್ಟರಿಗೆ ಗೊತ್ತಾಗುತ್ತದೆ. ಬಾಗಿಲ ಹೊರಗೆ ಬಿಡಬೇಡಿ, ಯಾರಾದರೂ ಬೈದರೆ ಕಾಗದದಲ್ಲಿ ಸುತ್ತಿಕೊಳ್ಳಿ. ಒಳಗೆ ಹೋದ ಮೇಲೆ ಸೀರೆ ಅಥವಾ ಪ್ಯಾಂಟ್ ಮೊಣಕಾಲವರೆಗೆ ಎತ್ತಿ, ಎದ್ದು ನಿಂತು, ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಪಾದ ತೋರಿಸಿ. ನಾಲ್ಕು ಹೆಜ್ಜೆ ನಡೆದೂ ತೋರಿಸಿ.